ಪ್ರತಿಧ್ವನಿಯಲ್ಲಿ ಕಂಡ ಹೃದಯ

ಬಾವಿಯೊಳಗೆ ಬಗ್ಗಿ ಕೂಗಿದರೆ ನಮ್ಮ ದನಿ ನಮಗೇ ಮರಳಿ ಬರುತ್ತದೆ. ಅದು ಹೋಗಿ ಬರಲು ಹಿಡಿದ ಕಾಲವನ್ನು ಅಳೆಯಬಲ್ಲವನು ನೀರಿನ ಆಳವನ್ನು ಹಗ್ಗವಿಲ್ಲದೆಯೇ ಹೇಳಬಲ್ಲನು. ಎದೆಯನ್ನು ಸೀಳದೆ ಹೃದಯದ ಕವಾಟಗಳನ್ನು ನೋಡುವ ವಿದ್ಯೆಗೂ ಇದೇ ತತ್ತ್ವವೇ ಆಧಾರ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಗ್ರಹಿಸುತ್ತದೆ. ಇಲ್ಲಿ ಬಳಸುವುದು ಹತ್ತಾರು ಲಕ್ಷ ಕಂಪನಗಳ ಶ್ರವಣಾತೀತ ಶಬ್ದ.

ಕವಾಟವೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಇರುವುದು ಮೈಟ್ರಲ್ ಕವಾಟ. ಬಾಲ್ಯದಲ್ಲಿ ಗಂಟಲುಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವು ಇದರ ಎಸಳುಗಳನ್ನು ದಪ್ಪಗೊಳಿಸಿ ಒಂದಕ್ಕೊಂದು ಬೆಸೆಯುತ್ತದೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುವ ದಾರಿ 1.5ಕ್ಕೆ ಇಳಿದರೆ ರಕ್ತವು ಶ್ವಾಸಕೋಶಗಳಲ್ಲಿ ಮಡುಗಟ್ಟುತ್ತದೆ; ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

1950ರ ಸುಮಾರಿಗೆ ಶಸ್ತ್ರವೈದ್ಯರು ಹೃದಯದೊಳಕ್ಕೆ ಬೆರಳು ತೂರಿಸಿ ಬೆಸೆದ ಎಸಳುಗಳನ್ನು ಬಿಡಿಸುತ್ತಿದ್ದರು. ಆದರೆ ಕವಾಟ ಕಿರಿದಾಗಿದೆಯೋ ಅಥವಾ ಮುಚ್ಚದೆ ಸೋರುತ್ತಿದೆಯೋ ಎಂಬುದು ಮೊದಲೇ ತಿಳಿಯಬೇಕು. ಸೋರುವ ಬಾಗಿಲನ್ನು ಇನ್ನಷ್ಟು ತೆರೆದರೆ ರೋಗಿಯ ಗತಿಯೇನು? ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಅವರನ್ನು ಕಾಡಿದ ಪ್ರಶ್ನೆ ಇದು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರ ಜೊತೆಗೂಡಿದರು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕಲು ಇಟ್ಟಿದ್ದ ಯಂತ್ರವನ್ನು ಮೊದಲು ಪ್ರಯೋಗಿಸಿ ನೋಡಿ, ಬಳಿಕ ಅಂಥದೇ ಯಂತ್ರವೊಂದನ್ನು ಎರವಲು ತಂದು, 1953ರಲ್ಲಿ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಎಸಳು ಸಲೀಸಾಗಿ ಚಲಿಸಿದರೆ ಗೆರೆ ಕಡಿದಾಗಿ ಇಳಿಯುತ್ತದೆ, ಬೆಸೆದಿದ್ದರೆ ನಿಧಾನವಾಗಿ. ಆ ಇಳಿಜಾರೇ ರೋಗದ ತೀವ್ರತೆಯನ್ನು ಸಾರಿತು.

ಇಂದು ಗೆರೆಯ ಬದಲು ಚಲಿಸುವ ಚಿತ್ರವೇ ಕಾಣುತ್ತದೆ. ಡಾಪ್ಲರ್ ವಿಧಾನದಿಂದ ರಕ್ತದ ವೇಗವನ್ನೂ ಅದರಿಂದ ಒತ್ತಡದ ವ್ಯತ್ಯಾಸವನ್ನೂ ಲೆಕ್ಕ ಹಾಕುತ್ತಾರೆ. ಎಸಳಿನ ಚಲನೆ, ದಪ್ಪ, ಸುಣ್ಣಗಟ್ಟಿರುವಿಕೆ, ಕೆಳಗಿನ ತಂತುಗಳ ಸ್ಥಿತಿ, ಈ ನಾಲ್ಕಕ್ಕೂ 4ರವರೆಗೆ ಅಂಕ ಕೊಡುತ್ತಾರೆ. ನಮ್ಮ ಪರೀಕ್ಷೆಯಂತಲ್ಲ, ಇಲ್ಲಿ ಕಡಿಮೆ ಅಂಕ ಬಂದವರೇ ಭಾಗ್ಯವಂತರು! ಒಟ್ಟು 8ರೊಳಗಿದ್ದರೆ ಸಾಮಾನ್ಯವಾಗಿ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಕಳಿಸಿ ಕವಾಟವನ್ನು ಅಗಲಿಸಬಹುದು. ಅದಕ್ಕೂ ಮುನ್ನ ಅನ್ನನಾಳದೊಳಗೆ ಸಣ್ಣ ನಳಿಕೆಯನ್ನು ಇಳಿಸಿ, ಹೃದಯದ ಹಿಂಬದಿಯಿಂದ ನೋಡುತ್ತಾರೆ. ಅಲ್ಲಿ ಅಡಗಿದ ಹೆಪ್ಪೊಂದು ಕದಲಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು.

ಯಂತ್ರ ಎಷ್ಟೇ ಚೆನ್ನಾಗಿ ನೋಡಲಿ, ಕವಾಟ ಕೆಡದಂತೆ ತಡೆಯುವುದು ಅದಕ್ಕಿಂತ ಲೇಸು. ಗಂಟಲುಬೇನೆಗೆ ಸಕಾಲದಲ್ಲಿ ಪೆನಿಸಿಲಿನ್ ದೊರೆತರೆ ಈ ಜ್ವರವನ್ನು ತಡೆಯಬಹುದು. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ರಜೆಗೆ ಊರಿಗೆ ಹೋದಾಗ ಈ ಒಂದು ಮಾತನ್ನು ನೆರೆಹೊರೆಯ ತಾಯಂದಿರಿಗೆ ತಿಳಿಸಿದರೆ, ಕಲಿತದ್ದಕ್ಕೆ ಅಷ್ಟರಮಟ್ಟಿಗೆ ಸಾರ್ಥಕ.