ತಪಸ್ಸಿನ ನಲವತ್ತು ದಿನಗಳು

ಮಂಗಳೂರಿನ ಬೋಳಾರದಲ್ಲಿ ಭಕ್ತಿಯ ಎರಡು ಹಳೆಯ ನೆಲೆಗಳುಂಟು. ಊರಿಗೆ ಹೆಸರು ಕೊಟ್ಟಳೆಂದು ಜನರು ನಂಬುವ ಮಂಗಳಾದೇವಿಯ ಗುಡಿ ಒಂದು. ಜಪಮಾಲೆಯ ಮಾತೆಗೆ ಮೀಸಲಾದ ರೊಸಾರಿಯೊ ಇಗರ್ಜಿ ಇನ್ನೊಂದು. 1568ರಲ್ಲಿ ಪೋರ್ಚುಗೀಸರು ಕಟ್ಟಿಸಿದ ಈ ಇಗರ್ಜಿ 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಾಶವಾಯಿತು. ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ನಡೆದರು. 1799ರಲ್ಲಿ ಬಿಡುಗಡೆಯಾದವರು ಮರಳಿ ಬಂದು ಮನೆಗಳನ್ನೂ ಇಗರ್ಜಿಯನ್ನೂ ಮತ್ತೆ ಎಬ್ಬಿಸಿದರು. ಇಂದು ನಾವು ಕಾಣುವ ದೊಡ್ಡ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು.

ಇದ್ದುದೆಲ್ಲವನ್ನೂ ಬಲಾತ್ಕಾರದಿಂದ ಕಳೆದುಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು ವರ್ಷಕ್ಕೊಮ್ಮೆ ಸ್ವಂತ ಇಚ್ಛೆಯಿಂದ ಏನನ್ನಾದರೂ ಬಿಡುವ ಕಾಲವೊಂದುಂಟು. ಅದು ಈಸ್ಟರ್ ಹಬ್ಬಕ್ಕೆ ಮೊದಲು ಬರುವ ತಪಸ್ಸಿನ ಕಾಲ. ಅದು ಪ್ರಾರಂಭವಾಗುವುದು ಬೂದಿ ಬುಧವಾರದಂದು. ಅಂದಿನಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುತ್ತವೆ. ನಡುವಣ ಆರು ಭಾನುವಾರಗಳು ಪುನರುತ್ಥಾನದ ನೆನಪಿನ ದಿನಗಳಾದುದರಿಂದ ಅವನ್ನು ಕಳೆದು ನಲವತ್ತು ಎನ್ನುತ್ತಾರೆ. ಯೇಸು ಅರಣ್ಯದಲ್ಲಿ ಉಪವಾಸವಿದ್ದ ನಲವತ್ತು ದಿನಗಳ ಸ್ಮರಣೆ ಇದು.

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಜಯಘೋಷದೊಡನೆ ಹಿಡಿದ ಗರಿಗಳನ್ನು ಸುಟ್ಟು ಆ ಬುಧವಾರದ ಬೂದಿಯನ್ನು ಸಿದ್ಧಪಡಿಸುತ್ತಾರೆ. ಹೋದ ವರ್ಷದ ಉತ್ಸಾಹವೇ ಈ ವರ್ಷದ ಬೂದಿ! ಪಾದ್ರಿಗಳು ಅದನ್ನು ಹಣೆಗೆ ಹಚ್ಚುವಾಗ, ಮನುಷ್ಯನು ಮಣ್ಣೆಂಬುದನ್ನು ನೆನಪಿಸುತ್ತಾರೆ. ಇಲ್ಲವೆ ಮನಸ್ಸನ್ನು ತಿರುಗಿಸಿಕೊಳ್ಳಲು ಕರೆಕೊಡುತ್ತಾರೆ.

'ತಪಸ್ಸು' ಎಂಬ ಮಾತು ನಮಗೆ ಹೊಸದಲ್ಲ. ಅದರ ಮೂಲಾರ್ಥ ಕಾಯುವುದು, ಬಿಸಿಯಾಗುವುದು. ನಮ್ಮ ಪುರಾಣಗಳಲ್ಲಿ ಅಸುರರೂ ತಪಸ್ಸು ಮಾಡುತ್ತಾರೆ. ಅವರು ದೇಹವನ್ನು ದಂಡಿಸುತ್ತಾರೆ, ವರವನ್ನು ಪಡೆಯುತ್ತಾರೆ, ಆದರೆ ಬದಲಾಗುವುದಿಲ್ಲ. ಕ್ರೈಸ್ತರ ತಪಸ್ಸಿಗೂ ಇದೇ ಅಪಾಯವುಂಟು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕೆ 'ಮೆತನೋಯ' ಎಂಬ ಪದವಿದೆ. ಮನಸ್ಸೇ ಬೇರೆಯಾಗುವುದು ಎಂದು ಅದರ ಅರ್ಥ. ಹೀಬ್ರೂ ಪ್ರವಾದಿಗಳ ಮಾತಿನಲ್ಲಿ ಅದು 'ಹಿಂದಿರುಗುವುದು'. ದಾರಿ ತಪ್ಪಿದವನು ಎಷ್ಟು ಅತ್ತರೂ ಮನೆ ಸೇರಲಾರ; ತಿರುಗಿ ನಡೆದರೆ ಮಾತ್ರ ಸೇರಬಲ್ಲ.

ಹಾಗಾದರೆ ಏನನ್ನು ಬಿಡಬೇಕು? ಧರ್ಮಸಭೆಯ ನಿಯಮ ಈಗ ಬಹಳ ಹಗುರ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಉಪವಾಸ. ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ಮಾಂಸವರ್ಜನೆ. ಉಪವಾಸವೆಂದರೂ ಒಂದು ಪೂರ್ಣ ಊಟಕ್ಕೆ ಅಡ್ಡಿಯಿಲ್ಲ. ಹದಿನೆಂಟು ತುಂಬದವರಿಗೂ ಅರವತ್ತರ ಹತ್ತಿರ ಬಂದವರಿಗೂ ಅದರಿಂದ ವಿನಾಯಿತಿಯಿದೆ. ಮೊದಲು ಕಟ್ಟಳೆಗಳು ಇದಕ್ಕಿಂತ ಬಿಗಿಯಾಗಿದ್ದವು. 1966ರಲ್ಲಿ ಪೋಪ್ ಆರನೆಯ ಪೌಲರು ಅವುಗಳನ್ನು ಸಡಿಲಿಸಿದರು. ತಪಸ್ಸು ಬೇಡವೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಅಂತರಂಗದ ಪರಿವರ್ತನೆಯಿಲ್ಲದ ಬಾಹ್ಯಾಚರಣೆ ಸಾಲದೆಂಬುದೇ ಅವರ ಆಶಯ. ನಿಯಮ ಹಗುರವಾದಷ್ಟೂ ಆಯ್ಕೆಯ ಹೊರೆ ಭಕ್ತನ ಹೆಗಲಿಗೇ ಬಿತ್ತು.

ಈ ಹೊರೆ ಎಂಥದೆಂದು ತಿಳಿಯಬೇಕಾದರೆ ಕರಾವಳಿಯ ಅಡುಗೆಮನೆಯನ್ನು ನೋಡಬೇಕು. ನಿಯಮ ಮಾಂಸವನ್ನು ನಿಷೇಧಿಸುತ್ತದೆ, ಮೀನನ್ನು ನಿಷೇಧಿಸುವುದಿಲ್ಲ. ಮೀನು ಅಪರೂಪವಾದ ಒಳನಾಡಿನಲ್ಲಿ ಇದಕ್ಕೊಂದು ಅರ್ಥವಿದ್ದೀತು. ನೇತ್ರಾವತಿ ಸಮುದ್ರವನ್ನು ಕೂಡುವಲ್ಲಿಗೆ ಸಮೀಪದ ಬೋಳಾರದಲ್ಲಿ, ಬಂಗುಡೆಯ ಸಾರಿಗಾಗಿ ಹಂಬಲಿಸುವ ಮನೆಗಳಲ್ಲಿ, ಶುಕ್ರವಾರ ಹಂದಿಮಾಂಸವನ್ನು ಬಿಟ್ಟು ಅಂಜಲ್ ಹುರಿದು ಉಂಡರೆ ಶಾಸ್ತ್ರಕ್ಕೆ ಲೋಪವಿಲ್ಲ. ಆದರೆ ಅದರಲ್ಲಿ ತಪಸ್ಸೆಲ್ಲಿದೆ? ಆದುದರಿಂದಲೇ ವಿವೇಕಿಗಳು ನಿಯಮ ಮುಗಿದಲ್ಲಿಂದ ತಮ್ಮ ವ್ರತವನ್ನು ಆರಂಭಿಸುತ್ತಾರೆ. ಒಬ್ಬರು ಮೀನನ್ನೂ ಬಿಡುತ್ತಾರೆ; ಒಬ್ಬರು ಮದ್ಯವನ್ನು, ಒಬ್ಬರು ಸಿಗರೇಟನ್ನು; ಕಿರಿಯರು ಈಚೆಗೆ ಮೊಬೈಲಿನ ಮೋಜನ್ನು. ಇವೆಲ್ಲಕ್ಕಿಂತ ಕಠಿಣವಾದುದು ನಾಲಗೆಯ ಉಪವಾಸ. ಮಾತು ಬಿಟ್ಟ ತಮ್ಮನ ಮನೆಯ ಬಾಗಿಲನ್ನು ತಟ್ಟುವುದು ಮೂರು ಹೊತ್ತಿನ ಊಟ ಬಿಡುವುದಕ್ಕಿಂತ ಕಷ್ಟ.

ಬಿಟ್ಟುದು ಎಲ್ಲಿಗೆ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಪ್ರಾರ್ಥನೆ, ಉಪವಾಸ, ದಾನ ಇವು ಮೂರೂ ಸೇರಿದಾಗಲೇ ಈ ಕಾಲ ಪೂರ್ಣವಾಗುತ್ತದೆ. ಪ್ರವಾದಿ ಯೆಶಾಯನು ಉಪವಾಸದ ಬಗೆಗೆ ಹೇಳುವಾಗ ಹಸಿದವರಿಗೆ ಅನ್ನವನ್ನು ಹಂಚುವ ಮಾತನ್ನೇ ಆಡಿದನು. ಊಟ ಬಿಟ್ಟು ಉಳಿದ ಹಣ ಪೆಟ್ಟಿಗೆಯಲ್ಲೇ ಉಳಿದರೆ ಅದು ಮಿತವ್ಯಯ; ಹಸಿದವನ ಕೈ ಸೇರಿದರೆ ಭಕ್ತಿ. ಲೂಕನ ಸುವಾರ್ತೆಯ ಜಕ್ಕಾಯನೆಂಬ ಸುಂಕದವನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಯೇಸು ತನ್ನ ಮನೆಗೆ ಬಂದ ದಿನ ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡಲು ಮುಂದಾದನು. ಮೋಸದಿಂದ ಪಡೆದುದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದನು. ಅವನ ಪರಿವರ್ತನೆಗೆ ಲೆಕ್ಕವಿತ್ತು, ಆ ಲೆಕ್ಕದಲ್ಲಿ ಇತರರ ಪಾಲಿತ್ತು.

ಮಂಗಳೂರಿನಲ್ಲಿಯೂ ಇಂಥ ಬದುಕಿನ ದೃಷ್ಟಾಂತವುಂಟು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಆಗಸ್ಟಸ್ ಮುಲ್ಲರ್ ಈ ಊರಿಗೆ ಬಂದುದು 1878ರ ಕೊನೆಯಲ್ಲಿ. ಹೋಮಿಯೋಪತಿಯ ತಿಳಿವಳಿಕೆಯಿದ್ದ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲಾರಂಭಿಸಿದರು. 1890ರಲ್ಲಿ, ಸಮಾಜ ದೂರವಿಟ್ಟ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ತಾಯ್ನಾಡನ್ನು ಬಿಟ್ಟ ಅವರ ತ್ಯಾಗ ಪರರ ಗಾಯಕ್ಕೆ ಔಷಧಿಯಾಯಿತು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿದೆ.

ಎಲ್ಲರೂ ಮುಲ್ಲರ್ ಆಗಬೇಕಿಲ್ಲ. ವ್ರತವನ್ನು ಚಿಕ್ಕದಾಗಿ, ಖಚಿತವಾಗಿ ಆರಿಸಿಕೊಂಡರೆ ಸಾಕು. 'ಒಳ್ಳೆಯವನಾಗುತ್ತೇನೆ' ಎಂಬ ಸಂಕಲ್ಪ ಮೂರನೆಯ ದಿನಕ್ಕೆ ಮರೆತುಹೋಗುತ್ತದೆ. 'ರಾತ್ರಿಯ ಊಟದ ಹೊತ್ತಿನಲ್ಲಿ ಗದರುವುದಿಲ್ಲ' ಎಂಬುದು ದಿನಕ್ಕೊಮ್ಮೆ ನಮ್ಮನ್ನು ಪರೀಕ್ಷಿಸುತ್ತದೆ. ಅದನ್ನು ಸಾರಿ ಹೇಳಬೇಕಾಗಿಯೂ ಇಲ್ಲ. ಉಪವಾಸವಿರುವಾಗ ಮುಖ ಬಾಡಿಸಿಕೊಳ್ಳದೆ ಗುಟ್ಟಾಗಿರಬೇಕೆಂದು ಯೇಸುವೇ ಬೋಧಿಸಿದ್ದಾನೆ.

ತಪಸ್ಸಿನ ನಿಜವಾದ ಪರೀಕ್ಷೆ ನಲವತ್ತು ದಿನ ಮುಗಿದ ಮೇಲೆ. ಬಾಟಲಿಯನ್ನು ಬೂದಿ ಬುಧವಾರ ಮುಚ್ಚಿಟ್ಟು ಈಸ್ಟರ್ ಮಧ್ಯಾಹ್ನ ಎರಡು ಪಾಲು ತೆರೆಯುವವರುಂಟು. ಅಂಥ ಮನೆಯ ಹೆಣ್ಣುಮಗಳಿಗೆ ಆ ನಲವತ್ತು ದಿನ ಬರಿಯ ಬಿಡುವು, ಬಿಡುಗಡೆಯಲ್ಲ. ಈಸ್ಟರಿನ ಮರುದಿನ ಸಂಜೆ ಆತ ಮನೆಗೆ ಬರುವ ಹೆಜ್ಜೆಯ ಸದ್ದು ಕೇಳಿ ಮಕ್ಕಳು ಒಳಗೆ ಓಡಿ ಅಡಗದೆ ಬಾಗಿಲಿಗೆ ಓಡಿ ಬಂದರೆ, ಆ ವರ್ಷದ ತಪಸ್ಸು ದೇವರನ್ನು ಮುಟ್ಟಿತೆಂದು ತಿಳಿಯಬಹುದು.