ಕಟ್ಟಿ ಮುಗಿಸಿದ ಅಣುಸ್ಥಾವರಕ್ಕೆ ಬೀಗ ಹಾಕಿದ ದೇಶ

ಕಳೆದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಫ್ರಾನ್ಸ್‌ಗೆ ಅಣುವಿದ್ಯುತ್ ಬೇಕು, ಪಕ್ಕದ ಜರ್ಮನಿಗೆ ಬೇಡ. ಭೌತಶಾಸ್ತ್ರ ಎರಡೂ ಕಡೆ ಒಂದೇ ಅಲ್ವಾ?" ಅಂತ. ನಾನು ಬಿ.ಕಾಂ. ಓದಿದವನು, ಭೌತಶಾಸ್ತ್ರ ಕೇಳ್ಬೇಡಿ. ಆದ್ರೆ ಖರ್ಚಿನ ಲೆಕ್ಕ ಹೇಳಬಲ್ಲೆ. ಅದಕ್ಕೆ ಮೊದಲು ಆಸ್ಟ್ರಿಯಾದ ಕಥೆ.

ಡ್ಯಾನ್ಯೂಬ್ ನದಿ ದಡದಲ್ಲಿ ಜ್ವೆಂಟೆನ್‌ಡಾರ್ಫ್ ಅನ್ನೋ ಊರಿದೆ, ವಿಯೆನ್ನಾದಿಂದ ತುಂಬಾ ದೂರ ಇಲ್ಲ. 1972ರಲ್ಲಿ ಅಲ್ಲಿ ಅಣುಸ್ಥಾವರ ಕಟ್ಟೋಕೆ ಶುರು ಮಾಡಿದ್ರು. ಟರ್ಬೈನ್, ರಿಯಾಕ್ಟರ್, ಕಂಟ್ರೋಲ್ ರೂಮ್ ಎಲ್ಲಾ ರೆಡಿ ಆಯ್ತು. ಸ್ವಿಚ್ ಹಾಕೋದೊಂದೇ ಬಾಕಿ. ಅಷ್ಟರಲ್ಲಿ ವಿರೋಧ ಜೋರಾಯ್ತು. ಚಾನ್ಸಲರ್ ಬ್ರೂನೋ ಕ್ರೈಸ್ಕಿ, ಜನರನ್ನೇ ಕೇಳೋಣ ಅಂತ 1978ರ ನವೆಂಬರ್ 5ಕ್ಕೆ ಜನಮತಗಣನೆ ಇಟ್ರು. ಗೆದ್ದೇ ಗೆಲ್ತೀವಿ ಅನ್ನೋ ಧೈರ್ಯ. ಸೋತರೆ ರಾಜೀನಾಮೆ ಕೊಡಬಹುದು ಅನ್ನೋ ಸೂಚನೆಯನ್ನೂ ಕೊಟ್ಟಿದ್ರು. ಅದೇ ಉಲ್ಟಾ ಹೊಡೀತು. ಕ್ರೈಸ್ಕಿ ಮೇಲೆ ಸಿಟ್ಟಿದ್ದವರಿಗೂ "ಬೇಡ" ಅಂತ ಒತ್ತೋಕೆ ಒಂದು ಕಾರಣ ಸಿಕ್ತು.

ಫಲಿತಾಂಶ: ಬೇಡ ಅಂದವರು ಶೇ. 50.47. ಅಂತರ ಸುಮಾರು 30 ಸಾವಿರ ಮತ. ಕಟ್ಟಿ ಮುಗಿಸಿದ ಸ್ಥಾವರ ಒಂದು ಯೂನಿಟ್ ಕರೆಂಟ್ ಕೂಡ ಕೊಡದೆ ನಿಂತುಹೋಯ್ತು!

ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಓದಿರ್ತೀವಿ. ಆಗಿಹೋದ ಖರ್ಚನ್ನ ನೋಡಿ ಮುಂದಿನ ತೀರ್ಮಾನ ಮಾಡಬಾರದು ಅಂತ. ಪರೀಕ್ಷೇಲಿ ಬರೆಯೋದು ಸುಲಭ. ಇಡೀ ದೇಶ ಅದನ್ನ ಮಾಡಿ ತೋರಿಸಿದ್ದು ನನಗಂತೂ ಬೇರೆಲ್ಲೂ ನೆನಪಿಲ್ಲ. ಸರಿ ಮಾಡಿದ್ರಾ? ಇಲ್ಲಿ ಕಥೆ ಸ್ವಲ್ಪ ಕಹಿ. ಕೆಲವೇ ವರ್ಷಗಳಲ್ಲಿ ಪಕ್ಕದ ಡ್ಯುರ್ನ್‌ರೋರ್‌ನಲ್ಲಿ ಕಲ್ಲಿದ್ದಲು ಸ್ಥಾವರ ಬಂತು. 2019ರವರೆಗೂ ಅಲ್ಲಿ ಕಲ್ಲಿದ್ದಲು ಉರೀತು. ಅಣು ಬೇಡ ಅಂದಾಗ ಅದರ ಜಾಗಕ್ಕೆ ಏನು ಬರುತ್ತೆ ಅನ್ನೋ ಪ್ರಶ್ನೆ ಮತಪತ್ರದಲ್ಲಿ ಇರಲಿಲ್ಲ ನೋಡಿ.

ಆದ್ರೂ ಆಸ್ಟ್ರಿಯಾಗೆ "ಬೇಡ" ಅನ್ನೋ ಶಕ್ತಿ ಇತ್ತು. ಆಲ್ಪ್ಸ್ ಬೆಟ್ಟ, ಹರಿಯೋ ನದಿಗಳು. ಕರೆಂಟಿನ ಅರ್ಧಕ್ಕಿಂತ ಹೆಚ್ಚು ನೀರಿಂದಲೇ ಬರುತ್ತೆ. ಫ್ರಾನ್ಸ್‌ಗೆ ಆ ಭಾಗ್ಯ ಇರಲಿಲ್ಲ. 1973ರಲ್ಲಿ ತೈಲದ ಬೆಲೆ ನಾಲ್ಕು ಪಟ್ಟು ಏರೋಕೆ ಶುರುವಾದಾಗ ಸ್ವಂತ ತೈಲ ಇಲ್ಲ, ಗ್ಯಾಸ್ ಸಾಲದು, ಕಲ್ಲಿದ್ದಲು ಮುಗೀತಾ ಬಂದಿತ್ತು. 1974ರಲ್ಲಿ ಪ್ರಧಾನಿ ಪಿಯರ್ ಮೆಸ್ಮೆರ್ ಸಾಲುಸಾಲಾಗಿ ಅಣುಸ್ಥಾವರ ಕಟ್ಟೋ ಯೋಜನೆ ಘೋಷಿಸಿದ್ರು. ಸಂಸತ್ತಲ್ಲಿ ದೊಡ್ಡ ಚರ್ಚೆಯೂ ಆಗ್ಲಿಲ್ಲ, ಜನಮತವಂತೂ ಇಲ್ವೇ ಇಲ್ಲ. ಇವತ್ತು ಅಲ್ಲಿನ ವಿದ್ಯುತ್‌ನಲ್ಲಿ ಸುಮಾರು ಮೂರನೇ ಎರಡು ಭಾಗ ಅಣುವಿಂದ.

ಈಗ ನನ್ನ ಲೆಕ್ಕ. ಅಣುಸ್ಥಾವರ ಅಂದ್ರೆ ಮನೆ ಸಾಲ ಇದ್ದ ಹಾಗೆ. ಯುರೇನಿಯಂ ಖರ್ಚು ಕಮ್ಮಿ, ಹೆಚ್ಚಿನ ದುಡ್ಡು ಕಟ್ಟೋಕೇ ಹೋಗುತ್ತೆ. ಕೆಲಸ ತಡ ಆದಷ್ಟೂ ಕರೆಂಟ್ ಮಾರದೇನೇ ಬಡ್ಡಿ ಓಡ್ತಿರುತ್ತೆ. ಅದೇ ಫ್ರಾನ್ಸ್‌ನ ಫ್ಲಮನ್‌ವಿಲ್ 3 ರಿಯಾಕ್ಟರ್ ನೋಡಿ: 2007ರಲ್ಲಿ ಕಟ್ಟೋಕೆ ಶುರು, ಅಂದಾಜು 3.3 ಬಿಲಿಯನ್ ಯೂರೋ. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ, ಖರ್ಚು 13 ಬಿಲಿಯನ್ ದಾಟಿತ್ತು. ಬೆನ್ನಿಗೆ ಸರ್ಕಾರ ನಿಲ್ಲದೇ ಇಂಥ ಸಾಲ ಯಾವ ಖಾಸಗಿ ಕಂಪನಿ ತಗೊಳ್ಳುತ್ತೆ ಹೇಳಿ?

ಜರ್ಮನಿಯದ್ದು ನೆನಪಿನ ಲೆಕ್ಕ. 1986ರಲ್ಲಿ ಚೆರ್ನೋಬಿಲ್ ವಿಕಿರಣ ಗಾಳಿ ಮಳೆ ಜೊತೆ ಬವೇರಿಯಾ ಕಾಡಿಗೆ ಇಳಿದಿತ್ತು. 2011ರಲ್ಲಿ ಫುಕುಶಿಮಾ ಆದಾಗ, ಹಿಂದಿನ ವರ್ಷ ತಾನೇ ಸ್ಥಾವರಗಳ ಆಯಸ್ಸು ಹೆಚ್ಚಿಸಿದ್ದ ಮರ್ಕೆಲ್ ಸರ್ಕಾರ ಪೂರ್ತಿ ತಿರುಗಿಬಿಡ್ತು. ಕೊನೆಯ ಮೂರು ರಿಯಾಕ್ಟರ್ ಬಂದ್ ಆಗಿದ್ದು 2023ರ ಏಪ್ರಿಲ್ 15ಕ್ಕೆ.

ನಮ್ಮಲ್ಲೂ ಇದೇ ಜಗಳ ನಡೆದಿದೆ. ಕೈಗಾ ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂತು, ಅದರ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ದಾಖಲೆಯನ್ನೂ ಮಾಡ್ತು. ಆದ್ರೆ ಕೈಗಾ ಬೇಕಾ ಬೇಡ್ವಾ ಅಂತ ಮತಪತ್ರ ಹಿಡ್ಕೊಂಡು ನಮ್ಮನ್ನ ಯಾರೂ ಕೇಳ್ಲಿಲ್ಲ.

ಕ್ರೈಸ್ಕಿ ಏನಾದ್ರು ಅಂತೀರಾ? ರಾಜೀನಾಮೆ ಕೊಡ್ಲಿಲ್ಲ. ಮರುವರ್ಷದ ಚುನಾವಣೇಲಿ ಬಹುಮತದಿಂದ ಗೆದ್ರು. ಜ್ವೆಂಟೆನ್‌ಡಾರ್ಫ್ ಸ್ಥಾವರದ ಅಂಗಳದಲ್ಲಿ ಈಗ ಸೋಲಾರ್ ಪ್ಯಾನೆಲ್ ಇವೆ, ಒಳಗೆ ಬೇರೆ ಸ್ಥಾವರಗಳ ಸಿಬ್ಬಂದಿಗೆ ಟ್ರೈನಿಂಗ್ ಕೊಟ್ಟಿದ್ದಾರೆ. ವಿಕಿರಣವೇ ಇಲ್ಲದ ರಿಯಾಕ್ಟರ್ ಅಲ್ವಾ, ಯಾರು ಬೇಕಾದ್ರೂ ಒಳಗೆ ಇಣುಕಬಹುದು.