ಕಿಸೆಯಲ್ಲಿ ಎಷ್ಟು ರೊಕ್ಕವಿರಬೇಕು?

ಮನೆಯಿಂದ ಹೊರಡುವಾಗ ಕಿಸೆಯಲ್ಲಿ ಎಷ್ಟು ರೊಕ್ಕವಿರಬೇಕು? ಸಣ್ಣ ಪ್ರಶ್ನೆ, ಆದರೆ ಅದರ ಉತ್ತರವನ್ನು ನಾನು ಕಲಿತದ್ದು ತುಸು ಕಷ್ಟದಿಂದಲೇ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇಕಡಾ 86ರಷ್ಟು ಅವೇ ಆಗಿದ್ದವು. ಮರುದಿನ ಬ್ಯಾಂಕುಗಳೂ ತೆರೆಯಲಿಲ್ಲ. ಕುಲಗೋಡದ ಮನೆಯಲ್ಲಿ ನನ್ನ ಬಳಿ ಐನೂರರ ನಾಲ್ಕು ನೋಟುಗಳಿದ್ದರೂ ಹಾಲಿನವನಿಗೆ ಕೊಡಲು ಕಾಸಿರಲಿಲ್ಲ. ನೆರೆಮನೆಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತರ ಐದು ನೋಟುಗಳನ್ನು ಕೈಗಿತ್ತರು. ಅಂದು ನನಗಿಂತ ಅವರೇ ಸಿರಿವಂತರು.

ಅದೇ ವರ್ಷ ಆರಂಭವಾದ ಯುಪಿಐ ಇಂದು ಸಂತೆಯ ಕಾಯಿಪಲ್ಲೆಯವರೆಗೂ ಬಂದಿದೆ. ಅದು ಅನುಕೂಲವೇ ಸರಿ. ಆದರೆ ಕರೆಂಟು ಹೋದೀತು, ನೆಟ್‌ವರ್ಕ್ ಕೈಕೊಟ್ಟೀತು. ಎದುರಿನ ಮುದುಕನ ಬಳಿ ಫೋನೇ ಇರದಿದ್ದೀತು. ಅಲ್ಲದೆ ಇದು ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು. ಆಟಕ್ಕೆ ರಂಗೇರಿದಾಗ ಪಾತ್ರಧಾರಿಗೆ ಆಯೇರಿ ಮಾಡಲು ಕೈಯಲ್ಲಿ ನೋಟಿದ್ದರೇ ಚೆಂದ.

ನನ್ನ ಲೆಕ್ಕ ಇಷ್ಟೇ: ಎರಡು ದಿನದ ಖರ್ಚು, ಜೊತೆಗೆ ಊರಿಗೆ ಮರಳುವ ಬಸ್ಸಿನ ಚಾರ್ಜು. ಅದರಲ್ಲಿ ಅರ್ಧದಷ್ಟಾದರೂ ಹತ್ತು, ಇಪ್ಪತ್ತು, ಐವತ್ತರ ನೋಟುಗಳಾಗಿರಬೇಕು. ಕಳೆದುಹೋದರೆ ತಿಂಗಳ ಸಂಸಾರ ಕೆಡದಷ್ಟು ಕಡಿಮೆ, ಫೋನು ಕೆಟ್ಟರೆ ದಾರಿಯಲ್ಲಿ ನಿಲ್ಲದಷ್ಟು ಹೆಚ್ಚು.

ಅಜ್ಜಿಯ ಐವತ್ತು ರೂಪಾಯಿಯನ್ನು ವಾರದೊಳಗೆ ಹಿಂದಿರುಗಿಸಿದೆ. ಅವರು ಕಲಿಸಿದ ಪಾಠವನ್ನು ಮಾತ್ರ ಇಂದಿಗೂ ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತೇನೆ.